ಐದೂವರೆಗೆ ಬಾಗಿಲು ಹಾಕುತ್ತೇನೆ

ಬೈಂಡಿಂಗ್ ಶೆಡ್ಡಿನ ಒಳಕೋಣೆ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರು ಹೇಳಿದ್ದರೂ ಹತ್ತುತ್ತಿದ್ದೀರಂತೆ; ಅಣ್ಣ ಎಲ್ಲಾ ಚಾಡಿ ಹೇಳಿದ. ನನ್ನ ಮೇಲಿನ ನಿಮ್ಮ ಸಿಟ್ಟನ್ನೂ ಅವನೇ ತಲುಪಿಸಿದ. 'ಐದೂವರೆಗೆ ಬಾಗಿಲು ಹಾಕೋಕೆ ಅದೇನು ಸ್ಕೂಲಾ?' ಅಂದಿರಂತೆ. ಹೌದಪ್ಪಾ, ನೀವು ನನ್ನ ಕೈಗೆ ಕೊಟ್ಟ ಶೆಡ್ಡಿಗೆ ಐದೂವರೆಗೇ ಬಾಗಿಲು ಹಾಕುತ್ತಿದ್ದೇನೆ. ನಾಳೆಯೂ ಹಾಕುತ್ತೇನೆ.

ಯಾಕೆ ಅಂತ ಕೇಳಿ. ಜನವರಿಯಲ್ಲಿ ಮೂರು ಆರ್ಡರು ಒಟ್ಟಿಗೆ ಹಿಡಿದು, ಇದಿಷ್ಟು ಅದಿಷ್ಟು ಮಾಡುತ್ತಾ ದಿನಾ ಏಳರವರೆಗೆ ದುಡಿದೆವು, ಥೇಟ್ ನೀವು ಕಲಿಸಿದ ಹಾಗೆ. ಒಂದು ಸಂಜೆ ನಿಮ್ಮ ಹಳೇ ಜೊತೆಗಾರ ಕಟಿಂಗ್ ಮಾವ, ನಾನೂರು ಪುಸ್ತಕಗಳ ಅಂಚಿನ ಜೊತೆ ಅಕ್ಷರಗಳನ್ನೂ ಕತ್ತರಿಸಿಬಿಟ್ಟರು. ಮೂವತ್ತು ವರ್ಷ ಕೂದಲೆಳೆಯಷ್ಟೂ ತಪ್ಪದ ಕೈ. ಕಾಗದದ ರಾಶಿಯ ಹಿಂದೆ ಕೂತು ಅತ್ತರು ಅಪ್ಪಾ. ಬೈಯುವ ಹಕ್ಕು ನನಗೆಲ್ಲಿ? ಅವರನ್ನು ದಣಿಸಿದವಳು ನಾನೇ.

ಮರುದಿನದಿಂದ ಸಂಜೆ ಐದೂವರೆಗೆ ಬಾಗಿಲು ಹಾಕತೊಡಗಿದೆ, ಬೆಳಿಗ್ಗೆ ಕಾಲು ಗಂಟೆ ಮಷೀನು ನಿಲ್ಲಿಸಿದೆ. ಎಲ್ಲರೂ ಮೇಜಿನ ಸುತ್ತ ನಿಂತು, ಇವತ್ತಿನ ಕೆಲಸ ಯಾವುದು, ಯಾರಿಗೆ ಎಲ್ಲಿ ತೊಡಕು ಅಂತ ಹೇಳಬೇಕು. ಒಂದು ಆರ್ಡರು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಕರೆದವರ ಹಿಂದೆಲ್ಲಾ ಓಡುವ ನನ್ನ ಚಟಕ್ಕೂ ಕಡಿವಾಣ: ಹತ್ತರವರೆಗೆ ಪುಟ ಸರಿನೋಡುವುದು ಬಿಟ್ಟು ಏಳುವುದಿಲ್ಲ. ಮೊದಲ ವಾರ ಕೆಲಸ ಹಿಂದೆ ಬಿತ್ತು. ಹಳೇ ಗಿರಾಕಿಯೊಬ್ಬರು ಮುನಿಸಿಕೊಂಡು ಹೋದರು, ಇನ್ನೂ ಬಂದಿಲ್ಲ. 'ನಿಮ್ಮಪ್ಪ ಇಲ್ಲಿದ್ದಿದ್ರೆ ಮಷೀನಿಗೂ ಉಸಿರಾಡೋಕೆ ಬಿಡ್ತಿರಲಿಲ್ಲ' ಅಂತ ಕಟಿಂಗ್ ಮಾವ ಗೊಣಗಿದರು. ನಾನು ಜಗ್ಗಲಿಲ್ಲ.

ಮೂರನೇ ವಾರ ಹೊಲಿಗೆ ಅಕ್ಕ ಬಾಯಿಬಿಟ್ಟಳು: ಹೊಲಿಯಲು ಕೊಡುವ ಮಡಿಸಿದ ಪುಟಗಳ ಕಟ್ಟುಗಳು ಕ್ರಮ ತಪ್ಪಿ ಬರುತ್ತವೆ, ಜೋಡಿಸುವುದರಲ್ಲೇ ದಿನಾ ಒಂದು ಗಂಟೆ ಹಾಳು. ಎಷ್ಟು ದಿನದಿಂದ ಅಂದೆ. 'ಹನ್ನೊಂದು ವರ್ಷದಿಂದ.' ಮತ್ತೆ ಯಾಕೆ ಹೇಳಲಿಲ್ಲ? 'ಯಾರು ಕೇಳಿದ್ರು?' ನಾನು ತಲೆ ತಗ್ಗಿಸಿದೆ. ನೀವಿದ್ದಿದ್ದರೆ ನೀವೂ ತಗ್ಗಿಸುತ್ತಿದ್ದಿರಿ. ಈಗ ಮಡಿಸುವ ಮೇಜಿನಲ್ಲೇ ಪ್ರತಿ ಕಟ್ಟಿನ ಮೇಲೂ ನಂಬರು ಹಾಕುತ್ತೇವೆ. ಹೋದ ತಿಂಗಳು ಶಾಲೆಯ ಪುಸ್ತಕಗಳು ಎರಡು ದಿನ ಮುಂಚೆಯೇ ಹೋದವು, ಒಂದೂ ವಾಪಸ್ ಬರಲಿಲ್ಲ. ಕಟಿಂಗ್ ಮಾವ ಈಗ ನನಗಿಂತ ಮೊದಲೇ ಮೇಜಿನ ಹತ್ತಿರ ನಿಂತು 'ಬನ್ನಿ ಬನ್ನಿ, ಹೊತ್ತಾಯ್ತು' ಅಂತ ಎಲ್ಲರನ್ನೂ ಗದರಿಸುತ್ತಾರೆ.

ಅತ್ತಿಗೆಗೆ ನನ್ನ ನೆನಪು ಹೇಳಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮದೇ ಹಟ ಹೊತ್ತು ಬಂದ
ಮಗಳು

ಮರೆತಿದ್ದೆ: ನೀವು ದಿನಕ್ಕೆ ಹತ್ತು ಸಲ ಕಟಿಂಗ್ ಮಾವನಿಗೆ ಗುಟ್ಟಾಗಿ ಫೋನ್ ಮಾಡಿ ಕೆಲಸ ಹೇಳುವುದು ನನಗೆ ಗೊತ್ತು. ಬ್ಲೇಡು ಇಳಿಯುವಾಗ ಅವರ ಕಿವಿಯಲ್ಲಿ ನಿಮ್ಮ ದನಿ ಇರಕೂಡದು. ಇನ್ನು ಮೇಲೆ ಅವರಿಗೆ ಮಾಡಬೇಡಿ. ನನಗೆ ಮಾಡಿ, ಆರು ಗಂಟೆಗೆ. ಎಷ್ಟು ಹೊತ್ತು ಬೈದರೂ ಕೇಳುತ್ತೇನೆ. ಆಗ ನನಗೆ ಪುರುಸೊತ್ತಿರುತ್ತದೆ.