ಕೆಂಪು ಚುಕ್ಕೆಯ ತಟ್ಟೆ

ನಂತೂರು, ಮಂಗಳೂರು

ನೀರಜಾಕ್ಷಿ ಮೇಡಂ ಅವರಿಗೆ ನಮಸ್ಕಾರ.

ಹೀಗೆ ಪತ್ರ ಬರೆದು ತೊಂದರೆ ಕೊಡುತ್ತಿರುವುದಕ್ಕೆ ಸಾರಿ. ಫೋನಿನಲ್ಲಿ ನಿಮ್ಮ ಸ್ವರ ಕೇಳಿದರೆ ನನಗೆ ಈಗಲೂ ಮಾತು ಹೊರಡುವುದಿಲ್ಲ. ನಾನು ಅಶ್ಮಿತಾ, ನಿಮ್ಮ ಹಾಸ್ಟೆಲಿನಲ್ಲಿ ಐದು ವರ್ಷ ಇದ್ದವಳು, ತುಟಿಯ ಪಕ್ಕ ತೊನ್ನಿನ ಬಿಳಿ ಕಲೆ ಇರುವವಳು. ಈಗ ನರ್ಸಿಂಗ್ ಫಸ್ಟ್ ಇಯರ್.

ಕಳೆದ ವಾರ ಸ್ಕಿನ್ ವಾರ್ಡಿನಲ್ಲಿ ಸಿಸ್ಟರ್ ನನ್ನನ್ನೇ ಕೇಳಿದರು, “ವಿಟಿಲಿಗೊ ಅಂಟ್ತದಾ?” ಟೆನ್ಷನ್‌ನಲ್ಲಿ ನಾನು “ಅಂಟ್ತದೆ” ಎಂದೆ.

“ನಿನ್ನ ಮುಖದಲ್ಲೇ ಉಂಟಲ್ಲ ಮಾರಾಯ್ತಿ, ನಿನಗೇ ಗೊತ್ತಿಲ್ವಾ?”

ಇಡೀ ಬ್ಯಾಚ್ ನಕ್ಕಿತು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಸಾಯುತ್ತವೆ ಅಷ್ಟೆ, ಅದು ಯಾರಿಗೂ ಅಂಟುವುದಿಲ್ಲ ಎಂದು ನಾನು ಓದಿದ್ದೆ. ಆದರೆ ಬಾಯಿಗೆ ಬಂದದ್ದು ನಿಮ್ಮ ಉತ್ತರ. “ಅವಳ ತಟ್ಟೆ ಬೇರೆ ಇಡಿ, ಅದು ಅಂಟ್ತದೆ” ಎಂದು ನೀವು ನನ್ನ ತಟ್ಟೆಗೆ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟಿದ್ದಿರಿ.

ಇಪ್ಪತ್ತನೇ ತಾರೀಕಿಗೆ ನಮ್ಮ ಬ್ಯಾಚ್ ಚರ್ಮರೋಗದ ಕ್ಯಾಂಪಿಗೆ ನಿಮ್ಮ ಹಾಸ್ಟೆಲಿಗೇ ಬರುತ್ತದೆ. ಮಕ್ಕಳಿಗೆ ತೊನ್ನಿನ ಬಗ್ಗೆ ಮಾತಾಡಲು ನಾನೇ ಹೆಸರು ಕೊಟ್ಟಿದ್ದೇನೆ. ಮಧ್ಯಾಹ್ನ ಊಟ ಅಲ್ಲೇ. ನನಗೆ ಆ ತಟ್ಟೆಯಲ್ಲೇ ಬಡಿಸಿ. ಉಂಡ ಮೇಲೆ ನಾನೇ ತೊಳೆದು ಕೊಡುತ್ತೇನೆ, ಮಕ್ಕಳೆಲ್ಲ ನೋಡುತ್ತಿರುವಾಗ ನೀವೂ ಅದರಲ್ಲೇ ಊಟ ಮಾಡಬೇಕು. ಉಪವಾಸ, ಮೀಟಿಂಗ್ ಎಂಬ ನೆಪ ಎಂತದ್ದೂ ಬೇಡ.

ತಟ್ಟೆ ಕಳೆದುಹೋಗಿದ್ದರೆ ನಾನು ಹೊಸತು ತರುತ್ತೇನೆ, ನೇಲ್ ಪಾಲಿಶ್ ಕೂಡ. ಅದು ಉಂಟಾ ಇಲ್ಲವಾ ಎಂದು ದಯವಿಟ್ಟು ಬೇಗ ಬರೆಯಿರಿ.

ಇತಿ,
ಅಶ್ಮಿತಾ