ಎರಡನೇ ಹೇಳಿಕೆ

ಮಾರ್ಚ್ ೧೧, ಮಂಗಳವಾರ

ಪಾಳಿ ಮುಗಿಸಿ ಪಾಠಕ್ಕೆ ಬರುವ ನರ್ಸ್ ಹುಡುಗಿ ಇವತ್ತೂ ಅದೇ ತಪ್ಪು ಮಾಡಿದಳು. ಎಂಬಿಎ ಪ್ರವೇಶ ಪರೀಕ್ಷೆ ಹತ್ತಿರ ಬಂತು. ಪ್ರಶ್ನೆಯ ಕೆಳಗೆ ಎರಡು ಹೇಳಿಕೆ ಕೊಟ್ಟಿರುತ್ತಾರೆ; ಉತ್ತರ ಹೇಳಲು ಎರಡನೇ ಹೇಳಿಕೆಯೊಂದೇ ಸಾಕೇ ಎಂದು ನೋಡಬೇಕಾದಾಗಲೂ ಇವಳು ಮೊದಲನೆಯದನ್ನು ತಲೆಯಿಂದ ಇಳಿಸುವುದಿಲ್ಲ.

"ಮೊದಲನೇದನ್ನ ಓದೇ ಇಲ್ಲ ಅನ್ಕೊಳ್ಳಮ್ಮ" ಎಂದು ರೇಗಿದೆ.

"ಗೊತ್ತಾಗಿರೋದನ್ನ ಗೊತ್ತಿಲ್ಲ ಅಂತ ಹೇಗೆ ಅನ್ಕೊಳ್ಳೋದು ಸರ್?"

ಅದಕ್ಕೂ ಬೈದೆ.

ಊಟವಾದ ಮೇಲೆ ತಮ್ಮನ ಮೆಸೇಜು ಬಂತು. "ಅಣ್ಣ, ಭಾನುವಾರ ಮನೇಲಿರ್ತೀಯಾ? ಸುಮ್ನೆ ಬಂದು ಹೋಗ್ತೀನಿ." ಹೋದ ವರ್ಷ ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡವನು ಇವನೇ. ಇದಿಷ್ಟನ್ನೇ ಓದಿದರೆ ಒಳ್ಳೆಯ ಮಾತು, ಗೊತ್ತು. ಆದರೂ ಆ "ಸುಮ್ನೆ" ಚುಚ್ಚುತ್ತಿದೆ. ಮತ್ತೆ ಮತ್ತೆ ಓದಿದೆ. ಪ್ರತಿ ಸಲವೂ ಮೊದಲು ಕೇಳಿಸುವುದು ಆ ಬಾಗಿಲ ಸದ್ದೇ. ಉತ್ತರ ಬರೆದಿಲ್ಲ. ನಾಳೆ ಆ ಹುಡುಗಿಗೆ ಯಾವ ಮುಖ ಹೊತ್ತು ಪಾಠ ಹೇಳಲಿ?