ಹುರುಳಿ ಸಾರು ಎರಡು ಸಲ

ಅಕ್ಕ,
ನಾನೇನೂ ಕೊಬ್ಬಿಗೆ ಕೆಲ್ಸ ಕಳ್ಕೊಂಡಿಲ್ಲ. ಈ ಕೊಯಮುತ್ತೂರು ಓಟ್ಲಲ್ಲಿ ಬಿರ್ಯಾನಿಗಿಂತ ಮೊದ್ಲು ಖಾಲಿಯಾಗೋದು ನನ್ನ ಉಳ್ಳಿಕಾಳು ಸಾರು. ಅವ್ವ ಮಾಡ್ದಂಗೇ ಈರುಳ್ಳಿ ಸುಟ್ಟು ಅರ್ದು ಮಾಡ್ತೀನಿ. ನೆನ್ನೆ ಮದ್ಯಾನ ಮೇಲ್ಕೇರಿ ಬೀರೇಶ ಬಂದಿದ್ದ. ಇಸ್ಕೂಲ ಬಿಸಿಯೂಟಕ್ಕೆ ಅವ್ವ ಬೇಯ್ಸಿದ್ದ ಮುಟ್ಬ್ಯಾಡ ಅಂತ ಮಗಳಿಗೆ ದಿನಾ ಬುತ್ತಿ ಕಟ್ಟಿ ಕಳುಸ್ತಾನಲ್ಲ, ಅವ್ನೇ. ಎರಡು ಸಲ ಸಾರು ಆಕುಸ್ಕೊಂಡ. ಬಟ್ಲು ಬಳ್ದು ಬೆರಳು ನೆಕ್ಕಿ, “ನಮ್ಮೂರ ಕೈ ಇದ್ದಂಗದೆ, ಮಾಡ್ದೋನ್ನ ಕರೀರಿ” ಅಂದ.

ವೋದೆ. “ನಾನು ಮಾದಿ ಮಗ ಜವರ. ಈ ಸಾರೂ ಅವ್ವಂದೇಯ” ಅಂದೆ.

ಕೈ ತೊಳಿಯೋ ತಾವ್ಕೆ ಓಡಿ, ಗಂಟಲಿಗೆ ಬೆರಳಾಕಿ ಎಲ್ಲಾನೂ ಕಕ್ಕುಬುಟ್ಟ ಕಣಕ್ಕ. ಓಟ್ಲು ಯಜಮಾನ, ಮೊದಲಾಳಿ, ನಂಗೇ ಬೋಯ್ದ. “ಗಿರಾಕಿ ಓಡುಸ್ತೀಯೇನ್ಲಾ? ಅವನ ಕಾಲಿಗೆ ಬೀಳು” ಅಂದ. ಆಗಲ್ಲ ಅಂದೆ. ಕೆಲ್ಸ ವೋಯ್ತು.

ಬೇರೆ ಕಡೆ ಸಿಕ್ಕೋಗಂಟ ದುಡ್ಡು ಕಳ್ಸಾಕಾಗಲ್ಲ. ಎಣ್ಣೆ ಬಿದ್ದು ಸುಟ್ಟಿದ್ದ ಕೈ ಈಗ ವಾಸಿಯಾಗ್ಯದೆ.

ಕಾರ್ಡು ಅವ್ವಂಗೆ ಓದುವಾಗ ಕಕ್ಕಿದ ಮಾತ ಬುಟ್ಬುಡು. ಬೀರೇಶ ಎರಡು ಸಲ ಆಕುಸ್ಕೊಂಡ ಅನ್ನೋದ ಮಾತ್ರ ಓದು.

ರೂಮು ಖಾಲಿ ಮಾಡು ಅಂತ ಮೊದಲಾಳಿ ಒರಗೆ ನಿಂತು ಕೂಗ್ತಾವ್ನೆ. ಕಾರ್ಡು ಮುಗ್ಸಿ, ಅವನ ಮೊಕದ ಮುಂದೇನೇ ಬಾಗಲು ಬಡ್ದು ವೊಂಡ್ತೀನಿ.
ಜವರ